ಸೊನ್ನೆಗಳು ನಿಂತ ಜಾಗ

ತೆರೆಯ ಮೇಲೆ ಸೊನ್ನೆಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಜ್ಯೋತಿಲಕ್ಷ್ಮಿ ಮೌಸಿನ ಚಕ್ರ ಉರುಳಿಸುತ್ತ ಹೋದಳು. ಹತ್ತು ಜಿಬಿ ದಾಟಿತು. ಐವತ್ತು ದಾಟಿತು. ನೂರು ದಾಟಿತು. ಸಾಲಿನ ಮೇಲೆ ಸಾಲು, ಬರೀ ಸೊನ್ನೆ.

ನೂರಾ ತೊಂಬತ್ತೊಂದನೆಯ ಜಿಬಿಯಲ್ಲಿ ಅವು ಗೆರೆ ಎಳೆದ ಹಾಗೆ ನಿಂತುಹೋದವು. ಅಲ್ಲಿಂದಾಚೆಗೆ ಅಂಕಿ, ಅಕ್ಷರಗಳ ಕಲಸುಮೇಲೋಗರ. ಅದು ಕಸವಲ್ಲ, ಯಾರೋ ತುಂಬಿಸಿಟ್ಟಿದ್ದ ಫೈಲುಗಳು.

ಅವಳು ಮೌಸ್ ಬಿಟ್ಟು ಕುರ್ಚಿಗೆ ಒರಗಿದಳು. ಬೆಳಗಿನ ಹತ್ತು ಗಂಟೆ. ಮಾವಳ್ಳಿಯ ಆ ಮೊದಲ ಮಹಡಿಯ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಕಬ್ಬಿಣದ ಬೀರು, ಬಾಗಿಲ ಮೇಲೆ ‘ಕಳೆದ ಫೈಲ್ ಮರಳಿ ಪಡೆಯಿರಿ’ ಎಂಬ ಬೋರ್ಡು. ಎಂಟು ವರ್ಷದಿಂದ ಅದೇ ಅವಳ ಕಸುಬು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಇದೇ ಕೆಲಸವನ್ನು ಪೊಲೀಸರಿಗಾಗಿ ಮಾಡಿದ್ದಳು.

ಆ ಕೆಲಸ ಕಲಿಸಿದವರೇ ಈ ಹಾರ್ಡ್ ಡಿಸ್ಕ್ ತಂದುಕೊಟ್ಟವರು. ದೊರೆಸ್ವಾಮಿ. ಅವಳ ಹಳೆಯ ಮೇಲಧಿಕಾರಿ. ಮಂಗಳವಾರ ಸಂಜೆ ಬಂದು, ಇದೇ ಸ್ಟೂಲಿನ ಮೇಲೆ ಕುಳಿತು ಕಣ್ಣೊರೆಸಿಕೊಂಡಿದ್ದರು.

“ಕೈತಪ್ಪಿ ಹೋಯ್ತು ಕಣಮ್ಮ. ನನ್ನ ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡೋಕೆ ಹೋಗಿ ಶಕುಂತಲಮ್ಮ ಸಿಸ್ಟರ್ ಕೊಟ್ಟಿದ್ದನ್ನ ಮಾಡ್ಬಿಟ್ಟೆ. ಕ್ವಿಕ್ ಫಾರ್ಮ್ಯಾಟ್. ಹತ್ತು ಸೆಕೆಂಡು, ಎಲ್ಲಾ ಹೋಯ್ತು. ಎಪ್ಪತ್ತೊಂದಾಯ್ತಲ್ಲ, ಬುದ್ಧಿ ನಿಧಾನ ಆಗಿದೆ.”

“ಕ್ವಿಕ್ ಫಾರ್ಮ್ಯಾಟ್ ತಾನೆ ಸಾರ್, ಬರುತ್ತೆ ಬಿಡಿ,” ಎಂದು ಅವಳೇ ಸಮಾಧಾನ ಮಾಡಿದ್ದಳು. ಅವರ ಕೈ ಹಿಡಿದುಕೊಂಡು ಮೆಟ್ಟಿಲಿಳಿಸಿ ಆಟೋ ಹತ್ತಿಸಿದ್ದಳು.

ಕ್ವಿಕ್ ಫಾರ್ಮ್ಯಾಟ್ ಏನನ್ನೂ ಒರೆಸುವುದಿಲ್ಲ. ಪುಸ್ತಕದ ಪರಿವಿಡಿಯ ಹಾಳೆ ಕಿತ್ತ ಹಾಗೆ ಅಷ್ಟೇ, ಒಳಗಿನ ಪುಟಗಳು ಇದ್ದಲ್ಲೇ ಇರುತ್ತವೆ. ಪುಟಪುಟವನ್ನೂ ಒರೆಸಿ ಸೊನ್ನೆ ತುಂಬುವುದು ಫುಲ್ ಫಾರ್ಮ್ಯಾಟ್. ಅದಕ್ಕೆ ಗಂಟೆಗಟ್ಟಲೆ ಬೇಕು. ಕೈತಪ್ಪಿದವರು ಗಂಟೆಗಟ್ಟಲೆ ಅದನ್ನು ನೋಡುತ್ತ ಕೂರುವುದಿಲ್ಲ.

ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರ ದೊರೆಸ್ವಾಮಿಯವರೇ ಅವಳಿಗೆ ಹೇಳಿದ್ದರು: “ಸೊನ್ನೆ ತಾನಾಗಿ ಹುಟ್ಟಲ್ಲ ಜ್ಯೋತಿ. ಯಾರೋ ಬರೆದಿರ್ತಾರೆ. ಯಾರು ಅಂತ ಹುಡುಕು.”

ಬೇರೆ ಯಾರಾದರೂ ಆಗಿರಲಿ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

*

ಮಧ್ಯಾಹ್ನ ಮೂರಕ್ಕೆ ಶಕುಂತಲಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮೂವತ್ತೈದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಮಾವಳ್ಳಿಗೆಲ್ಲ ಅವರು ಇನ್ನೂ ಸಿಸ್ಟರ್.

“ಏನಾದ್ರೂ ಸಿಕ್ತಾ ಜ್ಯೋತಿ?”

“ಕೂತ್ಕೊಳ್ಳಿ ಸಿಸ್ಟರ್. ಸ್ವಲ್ಪ ಕೇಳೋದಿದೆ.”

ಹೋದ ವರ್ಷ ಚಾಮರಾಜಪೇಟೆಯಲ್ಲಿ ಟ್ರಸ್ಟೊಂದು ತನ್ನ ಪುಟ್ಟ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುವ ಉಚಿತ ಶಿಬಿರ ನಡೆಸಿತ್ತು. ಆಪರೇಷನ್ ಆದ ಹನ್ನೊಂದು ಜನರ ಕಣ್ಣು ಮೂರೇ ದಿನದಲ್ಲಿ ಕೀವು ತುಂಬಿ ಹೋಯಿತು. ಹನ್ನೊಂದು ಜನರೂ ಒಂದೊಂದು ಕಣ್ಣು ಕಳೆದುಕೊಂಡರು. ಮನೆಗೆ ಹೋಗಿ ಕೊಳಕು ಕೈಯಲ್ಲಿ ಕಣ್ಣು ಉಜ್ಜಿಕೊಂಡರು, ನಮ್ಮ ತಪ್ಪೇನಿಲ್ಲ ಎಂದಿತು ಟ್ರಸ್ಟು.

ಶಕುಂತಲಮ್ಮ ಸುಮ್ಮನಿರಲಿಲ್ಲ. ಹನ್ನೊಂದು ಮನೆಗೂ ಹೋಗಿ, ಕ್ಯಾಮೆರಾ ಮುಂದೆ ಅವರನ್ನು ಕೂರಿಸಿ ಮಾತನಾಡಿಸಿದರು. ಕಟ್ಟು ಬಿಚ್ಚಿದ ಕಣ್ಣುಗಳು, ಡಿಸ್ಚಾರ್ಜ್ ಚೀಟಿಗಳು, ಕೊಟ್ಟ ಔಷಧಿಗಳು, ಎಲ್ಲವನ್ನೂ ಚಿತ್ರೀಕರಿಸಿದರು. ನಾಳೆ ಶುಕ್ರವಾರ ಹನ್ನೊಂದು ಗಂಟೆಗೆ ಈ ಪ್ರಕರಣದ ವಿಚಾರಣಾ ಸಮಿತಿಯ ಕೊನೆಯ ಸಭೆ. ಅಲ್ಲಿಗೆ ಒಯ್ಯಬೇಕಾದ ಸಾಕ್ಷಿಯೆಲ್ಲ ಈ ಡಿಸ್ಕಿನಲ್ಲಿತ್ತು.

“ಸಿಸ್ಟರ್, ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೊಂದು ಕಾಪಿ ಇರ್ಬೇಕಿತ್ತಲ್ಲ?”

“ಇತ್ತು ಕಣಮ್ಮ. ಡಿಸ್ಕ್ ಕೊಟ್ಟ ದಿನಾನೇ ನಿಮ್ಮ ಸಾರ್ ಹೇಳಿದ್ರು, ಕಾರ್ಡ್ ಎಲ್ಲಾ ಖಾಲಿ ಮಾಡ್ಬಿಡಿ, ಹತ್ತು ಕಡೆ ಇದ್ರೆ ಟ್ರಸ್ಟಿನವರ ಕೈಗೆ ಸಿಕ್ಕುತ್ತೆ, ನನ್ನತ್ರ ಭದ್ರವಾಗಿರುತ್ತೆ ಅಂತ. ದೊಡ್ಡೋರು ಹೇಳಿದ್ರಲ್ಲ ಅಂತ ಮಾಡ್ದೆ.”

ಪ್ರಯೋಗಾಲಯದಲ್ಲಿ ಎರಡನೆಯ ಕಾಪಿ ಇಲ್ಲದೆ ಒಂದು ಫೋಟೋವನ್ನೂ ಮುಟ್ಟಲು ಬಿಡದಿದ್ದ ಮನುಷ್ಯ ಅವರು.

“ಡಿಸ್ಕ್ ಎಷ್ಟು ತುಂಬಿತ್ತು?”

“ಐನೂರರಲ್ಲಿ ಮುನ್ನೂರರ ಹತ್ರ. ಮೊದಲು ಹಾಕಿದ್ದು ದೊಡ್ಡಬೈರಪ್ಪಂದು.” ಶಕುಂತಲಮ್ಮ ಮುಂದಕ್ಕೆ ಬಾಗಿದರು. “ಅವನದ್ದು ಬಂದಿದ್ಯಾ? ಅದೊಂದು ಬಂದ್ರೆ ಸಾಕು.”

ಆ ಹನ್ನೊಂದು ಜನರಲ್ಲೊಬ್ಬನಾದ, ಗಾಂಧಿಬಜಾರಿನಲ್ಲಿ ನಲವತ್ತು ವರ್ಷ ಹೂ ಕಟ್ಟಿದ ದೊಡ್ಡಬೈರಪ್ಪ ಮಾರ್ಚಿನಲ್ಲಿ ತೀರಿಕೊಂಡಿದ್ದ. ಆಪರೇಷನ್ ಟೇಬಲಿನ ಮೇಲೆ ಮಲಗಿದ್ದಾಗ ಒಂದು ಹೆಣ್ಣು ದನಿ ಕೇಳಿದ್ದನ್ನು ಅವನು ಕ್ಯಾಮೆರಾ ಮುಂದೆ ಹೇಳಿದ್ದ: ‘ಬಾಟಲ್ ಬದಲಾಯಿಸಿದಾರೆ ತಾನೆ?’ ಅಂತ ಆ ದನಿ ಯಾರನ್ನೋ ಕೇಳಿತ್ತು. ಕಣ್ಣಿಗೆ ಬಳಸಿದ ಔಷಧಿಯ ಬಾಟಲಿ ಸರಿಯಿಲ್ಲವೆಂದು ಶಿಬಿರದವರಿಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ಮೊದಲು ಹಾಕಿದ ಫೈಲು ಡಿಸ್ಕಿನ ಮೊದಲ ಭಾಗದಲ್ಲಿರುತ್ತದೆ. ಮೊದಲ ಭಾಗದಲ್ಲೆಲ್ಲ ಸೊನ್ನೆ.

“ಸಿಸ್ಟರ್,” ಎಂದಳು ಜ್ಯೋತಿಲಕ್ಷ್ಮಿ. “ದೊಡ್ಡಬೈರಪ್ಪಂದು ಬರಲ್ಲ. ಇನ್ನು ಯಾವತ್ತೂ ಬರಲ್ಲ.”

ಶಕುಂತಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಸಾಯೋ ಹಿಂದಿನ ವಾರ ಕೇಳ್ದ,” ಎಂದರು ಕೊನೆಗೆ. “ನಾನು ಹೇಳಿದ್ದು ಎಲ್ಲಾ ಸರಿಯಾಗಿ ಇಟ್ಟಿದೀಯಾ ಸಿಸ್ಟರ್ ಅಂತ. ಇಟ್ಟಿದೀನಿ ಕಣೋ ಅಂದೆ.”

*

ಟ್ರಸ್ಟಿನ ಮ್ಯಾನೇಜರ್ ಕೈಲಾಸ್ ಮೇಲೆ ಜ್ಯೋತಿಲಕ್ಷ್ಮಿ ತನ್ನ ಅನುಮಾನವನ್ನೆಲ್ಲ ಕಟ್ಟಿಕೊಂಡಿದ್ದಳು. ಶಕುಂತಲಮ್ಮನ ಮನೆಗೆ ಅವನು ಎರಡು ಸಲ ಬಂದಿದ್ದ. ಒಮ್ಮೆ ಹಣ್ಣಿನ ಬುಟ್ಟಿ ಹಿಡಿದು, ಇನ್ನೊಮ್ಮೆ ವಕೀಲರ ನೋಟಿಸ್ ಹಿಡಿದು. ಅವನು ಬಸವನಗುಡಿಯ ದೊರೆಸ್ವಾಮಿಯವರ ಮನೆಗೂ ಹೋಗಿ, ಅವರ ಕಣ್ಣು ತಪ್ಪಿಸಿ ಈ ಕೆಲಸ ಮಾಡಿರಬಹುದಲ್ಲ?

“ಮಂಗಳವಾರ ಬೆಳಿಗ್ಗೆ ಕೈಲಾಸ್ ಎಲ್ಲಿದ್ದ, ಏನಾದ್ರೂ ಗೊತ್ತಾ ಸಿಸ್ಟರ್?”

“ಗೊತ್ತಿಲ್ದೆ ಏನು? ಸಮಿತಿ ಮುಂದೆ ಕೂತಿದ್ದ. ಹತ್ತು ಗಂಟೆಯಿಂದ ಒಂದೂವರೆವರೆಗೆ ಅವನ ಹೇಳಿಕೆ ತಗೊಂಡ್ರು. ನಾನು ಎದುರಿಗೇ ಕೂತಿದ್ದೆ.”

ಆ ಬಾಗಿಲೂ ಮುಚ್ಚಿತು.

ಡಿಸ್ಕಿನಲ್ಲಿ ದಾಖಲಾಗಿದ್ದ ಕ್ವಿಕ್ ಫಾರ್ಮ್ಯಾಟಿನ ಸಮಯ ಮಂಗಳವಾರ ಮಧ್ಯಾಹ್ನ ಹನ್ನೆರಡು ಇಪ್ಪತ್ತೈದು. ಸೊನ್ನೆಗಳ ಲೆಕ್ಕ ನೋಡಿದರೆ, ಅದಕ್ಕೂ ಮುಂಚೆ ಯಾರೋ ಅರ್ಧ ಗಂಟೆಯಷ್ಟು ಹೊತ್ತು ಸೊನ್ನೆ ತುಂಬಿಸಿದ್ದಾರೆ, ಇದ್ದಕ್ಕಿದ್ದಂತೆ ನಿಲ್ಲಿಸಿದ್ದಾರೆ. ಒರೆಸಲು ಕುಳಿತವರು ಅರ್ಧಕ್ಕೇ ಯಾಕೆ ನಿಲ್ಲಿಸುತ್ತಾರೆ?

ಅವಳು ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಹಳೆಯ ಕಾಲದ ದಪ್ಪ ಡಿಸ್ಕ್. ಇದಕ್ಕೆ ಕಂಪ್ಯೂಟರಿನ ವೈರು ಸಾಲದು, ಗೋಡೆಯ ಪ್ಲಗ್ಗಿನಿಂದ ಬೇರೆ ಕರೆಂಟು ಕೊಡಬೇಕು.

ಕರೆಂಟು.

ಫೋನ್ ತೆಗೆದು ಹುಡುಕಿದಳು. ಮಂಗಳವಾರದ ವಿದ್ಯುತ್ ವ್ಯತ್ಯಯದ ಪ್ರಕಟಣೆ ಸಿಕ್ಕಿತು. ದುರಸ್ತಿ ಕೆಲಸಕ್ಕಾಗಿ ಬಸವನಗುಡಿಯ ಕೆಲವು ರಸ್ತೆಗಳಲ್ಲಿ ಬೆಳಿಗ್ಗೆ ಹನ್ನೊಂದು ನಲವತ್ತರಿಂದ ಹನ್ನೆರಡೂಕಾಲಿನವರೆಗೆ ವಿದ್ಯುತ್ ಇರುವುದಿಲ್ಲ. ಪಟ್ಟಿಯಲ್ಲಿ ದೊರೆಸ್ವಾಮಿಯವರ ಅಡ್ಡರಸ್ತೆ ಮೂರನೆಯದು.

ಅವಳು ಆ ಪುಟವನ್ನು ಎರಡು ಸಲ ಓದಿದಳು.

ಶಕುಂತಲಮ್ಮನಿಗೆ ಎಲ್ಲವನ್ನೂ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಯಾಕೆಂದರೆ ಡಿಸೆಂಬರಿನಲ್ಲಿ ಈ ಸಿಸ್ಟರ್ ಇದೇ ಕೋಣೆಗೆ ಬಂದು, ಇದನ್ನೆಲ್ಲ ಯಾರ ಹತ್ತಿರ ಇಡಲಿ ಎಂದು ಕೇಳಿದಾಗ, ‘ನನ್ನ ಸಾರ್ ಹತ್ರ ಕೊಡಿ, ನನಗಿಂತ ನಂಬಿಕಸ್ಥರು, ಅವರು ಸರ್ಟಿಫಿಕೇಟ್ ಕೊಟ್ರೆ ಸಮಿತಿಯವರು ತಲೆಬಾಗ್ತಾರೆ’ ಎಂದು ಹೇಳಿ ಕಳಿಸಿದ್ದವಳು ಅವಳೇ.

“ಸಿಸ್ಟರ್, ಸೊನ್ನೆ ಇಲ್ದಿರೋ ಭಾಗದಲ್ಲಿ ಹುಡುಕೋಕೆ ಬಿಟ್ಟಿದೀನಿ. ಸಂಜೆ ಹೊತ್ತಿಗೆ ಒಂದೊಂದೇ ವಿಡಿಯೋ ಈ ಪಟ್ಟಿಗೆ ಬಂದು ಬೀಳುತ್ತೆ. ನೀವು ಇಲ್ಲೇ ಕೂತಿರಿ. ಬಂದಿದ್ದನ್ನ ಒತ್ತಿ ನೋಡಿ, ನನಗೆ ಫೋನ್ ಮಾಡಿ.”

“ನೀನೆಲ್ಲಿಗೆ?”

“ಬಸವನಗುಡಿಗೆ.”

ಶಕುಂತಲಮ್ಮ ಅವಳ ಮುಖ ನೋಡಿದರು. ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡರು.

*

ದೊರೆಸ್ವಾಮಿ ಬನಿಯನ್ನಿನ ಮೇಲೆ ಶಲ್ಯ ಹೊದ್ದು, ಹಜಾರದ ಕಿಟಕಿಯ ಪಕ್ಕ ಪೇಪರ್ ಓದುತ್ತಿದ್ದರು. ಮೂಲೆಯಲ್ಲಿ ಅವರ ಕಂಪ್ಯೂಟರಿನ ಮೇಜು. ಹೆಂಡತಿ ಹೋಗಿ ಆರು ವರ್ಷವಾಗಿತ್ತು. ಮನೆಯಲ್ಲಿ ಅವರು ಮತ್ತು ಕಣ್ಣಿನ ಡಾಕ್ಟರಾಗಿದ್ದ ಮಗಳು ಶ್ರೀವಿದ್ಯಾ ಇಬ್ಬರೇ.

“ಬಾ ಬಾ. ರಿಪೋರ್ಟ್ ತಂದ್ಯಾ?”

“ಇಲ್ಲ ಸಾರ್.”

“ಯಾಕೆ? ಏನೂ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಬರ್ಕೊಡು. ನಿನ್ನ ಸೈನ್ ಇದ್ರೆ ಸಮಿತಿಯವರು ಒಪ್ಕೋತಾರೆ. ನಾನೇ ಹೋಗಿ ನನ್ನ ತಪ್ಪು ಹೇಳ್ಕೋತೀನಿ. ಕಾಫಿ ಮಾಡ್ಲಾ?”

“ಬೇಡ ಸಾರ್. ಡಿಸ್ಕಲ್ಲಿ ಸೊನ್ನೆ ಇದೆ.”

ಪೇಪರ್ ಮಡಿಸುತ್ತಿದ್ದ ಅವರ ಕೈ ನಿಧಾನವಾಯಿತು.

“ಎಲ್ಲಿವರೆಗೆ?” ಎಂದು ಕೇಳಿದರು. ಹಳೆಯ ಮೇಷ್ಟರ ದನಿ ಅದು.

“ನೂರಾ ತೊಂಬತ್ತೊಂದನೇ ಜಿಬಿವರೆಗೆ.”

“ಏನೂ ಬರೀದೆ ಇರೋ ಕಡೆ ಸೊನ್ನೆನೇ ಇರುತ್ತೆ. ಉಪಯೋಗಿಸದೆ ಇರೋ ಜಾಗ.”

“ಸಿಸ್ಟರ್ ಅಲ್ಲಿ ದೊಡ್ಡಬೈರಪ್ಪನ ವಿಡಿಯೋ ಹಾಕಿದ್ರು ಸಾರ್.”

“ಡಿಸ್ಕ್ ಕೆಟ್ಟಿರಬಹುದು.”

“ಕೆಟ್ಟ ಡಿಸ್ಕ್ ಓದೋಕೇ ಬರಲ್ಲ. ಇದು ನೀಟಾಗಿ ಓದುತ್ತೆ. ಎಲ್ಲಾ ಸೊನ್ನೆ ಅಂತ ಓದುತ್ತೆ. ನೀವೇ ಕಲಿಸಿದ್ದು.”

ಹೊರಗೆ ರಸ್ತೆಯಲ್ಲಿ ಯಾರೋ ಹಳೇ ಪೇಪರ್ ಎಂದು ಕೂಗುತ್ತ ಹೋದರು. ದೊರೆಸ್ವಾಮಿ ಆ ಕೂಗು ದೂರವಾಗುವವರೆಗೆ ಕಾದರು.

“ನನ್ನ ಮೇಲೆ ಅನುಮಾನಾನಾ ಜ್ಯೋತಿ?”

“ಇರ್ಲಿಲ್ಲ ಸಾರ್. ಬೆಳಿಗ್ಗೆಯಿಂದ ಬೇರೆಯವರನ್ನ ಹುಡುಕ್ತಿದೀನಿ. ಕೈಲಾಸ್ ಆಗಿರ್ಲಿ ಅಂತ ಬೇಡ್ಕೊಂಡೆ. ಅವನು ಆವಾಗ ಸಮಿತಿ ಮುಂದೆ ಇದ್ದ. ಮಂಗಳವಾರ ನೀವು ಫುಲ್ ಫಾರ್ಮ್ಯಾಟಿಗೆ ಹಾಕಿದ್ರಿ. ಹನ್ನೊಂದು ನಲವತ್ತಕ್ಕೆ ಕರೆಂಟ್ ಹೋಯ್ತು, ಡಿಸ್ಕ್ ನಿಂತೋಯ್ತು. ಹನ್ನೆರಡೂಕಾಲಿಗೆ ಬಂತು. ಹತ್ತು ನಿಮಿಷಕ್ಕೆ ಕ್ವಿಕ್ ಫಾರ್ಮ್ಯಾಟ್ ಮಾಡಿದ್ರಿ, ಕೈತಪ್ಪಿದ ಹಾಗೆ ಕಾಣ್ಲಿ ಅಂತ. ಪೂರ್ತಿ ಒರೆಸೋಕೆ ನಿಮಗೆ ಟೈಮ್ ಇರ್ಲಿಲ್ಲ. ಯಾಕೆ ಸಾರ್? ಯಾರಾದ್ರೂ ಮನೆಗೆ ಬರೋರಿದ್ರಾ?”

ಅವರ ಕಣ್ಣು ಗೋಡೆಯ ಗಡಿಯಾರದತ್ತ ಹೋಗಿ ಬಂತು. ನಾಲ್ಕೂವರೆ.

“ಶ್ರೀವಿದ್ಯಾ,” ಎಂದಳು ಜ್ಯೋತಿಲಕ್ಷ್ಮಿ. “ಮಧ್ಯಾಹ್ನ ಊಟಕ್ಕೆ ಬರ್ತಾಳೆ. ಅವಳು ನೋಡಬಾರದಿತ್ತು.”

ದೊರೆಸ್ವಾಮಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕನ್ನಡಕವಿಲ್ಲದ ಅವರ ಮುಖ ತುಂಬ ಮುದಿಯಾಗಿ ಕಂಡಿತು.

“ಆ ಹನ್ನೊಂದು ಆಪರೇಷನ್ ಮಾಡಿದ್ದು ನನ್ನ ಮಗಳು.”

ಜ್ಯೋತಿಲಕ್ಷ್ಮಿ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತಳು.

“ಟ್ರಸ್ಟಿನವರು ಕೊಟ್ಟ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಬೇರೆ ಯಾರೋ ದೊಡ್ಡ ಡಾಕ್ಟರ ಹೆಸರು ಹಾಕಿದಾರೆ. ಅವಳು ಪುಗಸಟ್ಟೆ ಸೇವೆಗೆ ಅಂತ ಹೋದೋಳು. ಸಿಸ್ಟರ್ ವಿಡಿಯೋದಲ್ಲಿ ನಾಲ್ಕು ಜನ ಅವಳನ್ನ ವರ್ಣನೆ ಮಾಡಿದಾರೆ. ಲೇಡಿ ಡಾಕ್ಟರು, ಎಡಗೈ ಡಾಕ್ಟರು ಅಂತ. ಸಮಿತಿಯವರು ಕೇಳಿದ್ರೆ ಅವಳ ಜೀವನ ಮುಗೀತು. ಮೂವತ್ತೆರಡು ವರ್ಷ ಅವಳಿಗೆ. ಹತ್ತು ವರ್ಷದವಳಿದ್ದಾಗಿಂದ ನೀನು ಅವಳನ್ನ ನೋಡಿದೀಯ.”

“ನೋಡಿದೀನಿ ಸಾರ್.”

“ನಿನಗೆ ಅರ್ಥ ಆಗುತ್ತೆ ಅಂತ ಗೊತ್ತಿತ್ತು.”

“ಇಲ್ಲ ಸಾರ್,” ಎಂದಳು ಅವಳು. “ಅದಕ್ಕಲ್ಲ ನೀವು ನನ್ನ ಹತ್ರ ಬಂದಿದ್ದು. ಊರಲ್ಲಿ ಈ ಕೆಲಸ ಮಾಡೋರು ಇಪ್ಪತ್ತು ಜನ ಇದಾರೆ. ಬೇರೆಯವರಾದ್ರೆ ಡಿಸ್ಕ್ ಪೂರ್ತಿ ನೋಡ್ತಾರೆ. ನಾನಾದ್ರೆ ನಿಮ್ಮ ಮಾತು ನಂಬಿ, ಒಂದ್ಸಲ ಸಾಫ್ಟ್‌ವೇರ್ ಓಡಿಸಿ, ಸೈನ್ ಹಾಕ್ತೀನಿ. ನಿಮ್ಮ ಮೇಲೆ ನನಗಿರೋ ಗೌರವಾನ ಲೆಕ್ಕ ಹಾಕ್ಕೊಂಡು ಬಂದ್ರಿ. ನನ್ನ ಮುಂದೆ ಅತ್ರಿ.”

“ಆ ಅಳು ಸುಳ್ಳಲ್ಲ ಕಣಮ್ಮ.”

“ದೊಡ್ಡಬೈರಪ್ಪ ಸತ್ತೋಗಿದಾನೆ ಸಾರ್. ಅವನು ಮತ್ತೆ ಬಂದು ಹೇಳಲ್ಲ.”

ದೊರೆಸ್ವಾಮಿ ತಲೆ ತಗ್ಗಿಸಿದರು. “ತಂದೆ ಆಗಿ ಮಾಡ್ದೆ. ಶಿಕ್ಷೆ ಏನಿದ್ರೂ ನನಗಿರ್ಲಿ. ಅವಳ ಹೆಸರು ಬರೋದು ಬೇಡ. ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನೂ ಕೇಳಿಲ್ಲ ನಾನು.”

ಅವಳ ಕೋಪ ಒಂದು ಕ್ಷಣ ಸಡಿಲವಾಯಿತು. ಮಗಳಿಗಾಗಿ. ತಪ್ಪೇ, ಘೋರ ತಪ್ಪು. ಆದರೂ ಮನುಷ್ಯರು ಮಾಡುವಂಥ ತಪ್ಪು. ತನ್ನ ಗುರು ಕೊನೆಗೂ ಒಬ್ಬ ತಂದೆಯಷ್ಟೇ ಎಂದುಕೊಂಡರೆ, ಅವಳ ಬದುಕಿನ ಹದಿನಾಲ್ಕು ವರ್ಷ ಪೂರ್ತಿ ಸುಳ್ಳಾಗುವುದಿಲ್ಲ.

ಆಗ ಅವಳ ಫೋನು ಬಡಿದುಕೊಂಡಿತು.

“ಜ್ಯೋತಿ,” ಶಕುಂತಲಮ್ಮನ ದನಿಯಲ್ಲಿ ಗಾಬರಿಯಿತ್ತು. “ನಾಲ್ಕು ಬಂದಿದೆ ಕಣಮ್ಮ. ಮೂರು ನಾನು ತೆಗೆದಿದ್ದೇ. ಗುರುತು ಸಿಕ್ತು. ಆದ್ರೆ ಕೊನೇದು ನಾನು ತೆಗೆದಿದ್ದಲ್ಲ.”

“ಅಂದ್ರೆ?”

“ಯಾರೋ ಹುಡುಗಿ. ಕ್ಯಾಮೆರಾ ಮುಂದೆ ತಾನೇ ಕೂತು ಮಾತಾಡ್ತಿದಾಳೆ. ಹಿಂದೆ ಒಂದು ಕಿಟಕಿ, ಕಂಪ್ಯೂಟರ್ ಮೇಜು. ತಾರೀಕು ಮೊನ್ನೆ ಸೋಮವಾರದ್ದು. ತಡಿ, ಫೋನು ಸ್ಪೀಕರ್ ಹತ್ರ ಇಡ್ತೀನಿ.”

ಸೋಮವಾರ ಈ ಡಿಸ್ಕ್ ಇದ್ದದ್ದು ಈ ಮನೆಯಲ್ಲಿ. ಜ್ಯೋತಿಲಕ್ಷ್ಮಿ ತಲೆಯೆತ್ತಿ ಎದುರಿನ ಕಿಟಕಿಯನ್ನೂ ಮೂಲೆಯ ಮೇಜನ್ನೂ ನೋಡಿದಳು.

“ನನ್ನ ಹೆಸರು ಡಾಕ್ಟರ್ ಶ್ರೀವಿದ್ಯಾ,” ಎಂದಿತು ಫೋನು.

ದೊರೆಸ್ವಾಮಿ ಎದ್ದು ನಿಂತರು. “ಮಾತ್ರೆ ತಗೊಂಡು ಬರ್ತೀನಿ,” ಎಂದು ಗೊಣಗಿ ಒಳಗೆ ಹೋದರು. ಅವಳು ಅವರನ್ನು ತಡೆಯಲಿಲ್ಲ. ಅವಳ ಕಿವಿಯೆಲ್ಲ ಫೋನಿನಲ್ಲಿತ್ತು.

“ಸಿಸ್ಟರ್ ತೆಗೆದಿರೋ ಹನ್ನೊಂದು ವಿಡಿಯೋನೂ ನಾನು ಇವತ್ತು ನೋಡ್ದೆ. ಅಪ್ಪ ಮನೇಲಿಲ್ಲ. ಅವರಿಗೆ ಹೇಳದೆ ಇದನ್ನ ಇದೇ ಡಿಸ್ಕಿಗೆ ಹಾಕ್ತಿದೀನಿ, ಶುಕ್ರವಾರ ಸಮಿತಿಯವರು ನೋಡ್ಲಿ ಅಂತ. ಆಪರೇಷನ್ ಮಾಡಿದ್ದು ನಾನೇ. ಹಿಂದಿನ ಸಂಜೆ ಕಣ್ಣು ತೊಳೆಯೋ ದ್ರಾವಣದ ಬಾಟಲ್ ಬೆಳಕಿಗೆ ಹಿಡಿದು ನೋಡ್ದಾಗ, ಒಳಗೆ ಎಳೆ ಎಳೆಯಾಗಿ ಏನೋ ತೇಲ್ತಿತ್ತು. ಶಿಬಿರಕ್ಕೆ ಸಾಮಾನು ತರಿಸೋ ಜವಾಬ್ದಾರಿ ನಮ್ಮಪ್ಪಂದು. ರಿಟೈರ್ ಆದ್ಮೇಲೆ ಟ್ರಸ್ಟಿಗೆ ಸಹಾಯ ಮಾಡ್ತಿದ್ರು, ಹೊರಗೆ ಯಾರಿಗೂ ಹೇಳಿರ್ಲಿಲ್ಲ. ಅಪ್ಪಾ, ಈ ಬ್ಯಾಚ್ ಪೂರ್ತಿ ವಾಪಸ್ ಕಳಿಸಿ, ಇಲ್ದಿದ್ರೆ ಶಿಬಿರ ಮುಂದಕ್ಕೆ ಹಾಕಿ ಅಂದೆ. ಬೆಳಿಗ್ಗೆ ಅವರು, ಎಲ್ಲಾ ಬದಲಾಯಿಸಿದೀನಿ, ಧೈರ್ಯವಾಗಿ ಶುರು ಮಾಡು ಅಂದ್ರು.”

ನೀರು ಕುಡಿದ ಸದ್ದು ಕೇಳಿಸಿತು.

“ಅಪ್ಪ ಹೇಳಿದ್ರು ಅಂತ ನಾನು ಮತ್ತೆ ನೋಡ್ಲಿಲ್ಲ. ಟೇಬಲ್ ಹತ್ರ ಒಂದ್ಸಲ ನರ್ಸನ್ನ ಕೇಳ್ದೆ ಅಷ್ಟೇ. ಎಲ್ಲಾ ಮುಗಿದ ಮೇಲೆ ಖಾಲಿ ಬಾಟಲಿನ ನಂಬರ್ ನೋಡ್ದೆ. ಅದೇ ಬ್ಯಾಚ್. ಅವರು ಒಂದನ್ನೂ ಬದಲಾಯಿಸಿರ್ಲಿಲ್ಲ. ಸೀಲ್ ಒಡೆಯದ ಮೂರು ಬಾಟಲ್ ಎತ್ತಿಟ್ಕೊಂಡಿದೀನಿ. ನನ್ನ ಕೋಣೆ ಕಪಾಟಿನಲ್ಲಿ ಬೀಗ ಹಾಕಿಟ್ಟಿದೀನಿ. ಯಾವ ಲ್ಯಾಬಿಗಾದ್ರೂ ಕೊಟ್ಟು ಪರೀಕ್ಷೆ ಮಾಡಿಸ್ಲಿ. ನನಗೆ ಏನು ಶಿಕ್ಷೆ ಕೊಟ್ರೂ ಒಪ್ಕೋತೀನಿ. ಅಪ್ಪನ ಮುಖ ನೋಡಿ ಕೇಳೋ ಧೈರ್ಯ ಮಾತ್ರ ನನಗಿಲ್ಲ. ಅದಕ್ಕೇ ಇಲ್ಲಿ ಹೇಳ್ತಿದೀನಿ.”

ಜ್ಯೋತಿಲಕ್ಷ್ಮಿಗೆ ಈಗ ಎಲ್ಲವೂ ತಿಳಿಯಿತು.

ಮಂಗಳವಾರ ಬೆಳಿಗ್ಗೆ ದೊರೆಸ್ವಾಮಿ ಡಿಸ್ಕ್ ತೆರೆದಿದ್ದಾರೆ, ಈ ವಿಡಿಯೋ ನೋಡಿದ್ದಾರೆ. ಇದೊಂದನ್ನೇ ಅಳಿಸಿದ್ದರೆ ಮಗಳಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಎಲ್ಲವನ್ನೂ ಅಳಿಸಲು ಹೊರಟರು. ಕೈತಪ್ಪಿತು ಅಂದರೆ ಯಾರೂ ಕೇಳುವುದಿಲ್ಲ. ಒಬ್ಬ ಮನುಷ್ಯನ ಹೆಸರು ಉಳಿಯಲಿ ಎಂದು ಹನ್ನೊಂದು ಜನರ ಬಾಯಿ ಮುಚ್ಚಿಸಿದ್ದರು. ಈಗ ಹತ್ತು ನಿಮಿಷದ ಹಿಂದೆ, ಇದೇ ಕುರ್ಚಿಯಲ್ಲಿ ಕುಳಿತು, ಆ ಮಗಳನ್ನೇ ಮುಂದೆ ಮಾಡಿಕೊಂಡು ಜ್ಯೋತಿಲಕ್ಷ್ಮಿಯ ಕರುಣೆ ಬೇಡಿದ್ದರು. ಅವಳು ಕೊಡಲು ಸಿದ್ಧಳೂ ಆಗಿದ್ದಳು.

ಮಗಳಿಗೋಸ್ಕರ ಅಲ್ಲ. ಆ ಮಾತೂ ಸುಳ್ಳು.

ಒಳಗೆಲ್ಲೋ ಮರ ಸೀಳಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹಿತ್ತಿಲಲ್ಲಿ ನಲ್ಲಿ ಬಿಟ್ಟ ಸದ್ದು.

ಅವಳು ಫೋನು ಹಿಡಿದೇ ಓಡಿದಳು. ನಡುಮನೆಯ ಪಕ್ಕದ ಕೋಣೆಯಲ್ಲಿ ಕಪಾಟಿನ ಬಾಗಿಲು ಕಿತ್ತು ನೇತಾಡುತ್ತಿತ್ತು. ನೆಲದ ಮೇಲೆ ತೆಂಗಿನಕಾಯಿ ಸುಲಿಯುವ ಕಬ್ಬಿಣದ ಸಲಾಕೆ. ಅಡುಗೆಮನೆ ದಾಟಿ ಹಿತ್ತಿಲಿಗೆ ಬಂದಳು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ದೊರೆಸ್ವಾಮಿ ನಿಂತಿದ್ದರು. ಕಾಲ ಬಳಿ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿಗಳು, ಕತ್ತು ಕತ್ತರಿಸಿ ಬಿದ್ದಿದ್ದವು. ಲೇಬಲ್ಲುಗಳು ಒದ್ದೆಯಾಗಿ, ಚೂರಾಗಿ ಮೋರಿಯ ಬಾಯಿಗೆ ಅಂಟಿದ್ದವು. ಮೂರನೆಯ ಬಾಟಲಿ ಅವರ ಎಡಗೈಯಲ್ಲಿತ್ತು. ಬಲಗೈಯ ಕತ್ತರಿ ಅದರ ಕತ್ತಿನ ಮೇಲಿತ್ತು.

“ಅಲ್ಲೇ ನಿಲ್ಲು ಜ್ಯೋತಿ.”

ಅವಳು ನಿಂತಳು.

“ಇಷ್ಟು ದಿನ ಇದು ಮನೇಲೇ ಇತ್ತು ಅಂತ ನನಗೆ ಗೊತ್ತಾಗಿದ್ದು ಮಂಗಳವಾರ. ಮುಟ್ಟಿದ್ರೆ ಅವಳಿಗೆ ತಿಳಿಯುತ್ತೆ ಅಂತ ಬಿಟ್ಟಿದ್ದೆ.” ಅವರ ದನಿಯಲ್ಲಿ ಈಗ ಅಳುವಿರಲಿಲ್ಲ. ಪ್ರಯೋಗಾಲಯದಲ್ಲಿ ಕೆಲಸ ಹಂಚುವಾಗಿನ ದನಿ ಅದು. “ಕೇಳು. ಇದರಲ್ಲಿ ಅರ್ಧ ಲೀಟರ್ ದ್ರಾವಣ ಇದೆ, ಸೀಲ್ ಇದೆ, ಬ್ಯಾಚ್ ನಂಬರ್ ಇದೆ. ಇದೊಂದಿದ್ರೆ ಹನ್ನೊಂದು ಜನಕ್ಕೂ ನ್ಯಾಯ ಸಿಗುತ್ತೆ. ಯಾವ ವಿಡಿಯೋನೂ ಬೇಕಾಗಿಲ್ಲ. ತಗೊಂಡು ಹೋಗು. ಆದ್ರೆ ಶ್ರೀವಿದ್ಯಾ ಮಾತಾಡಿರೋದನ್ನ ಅಳಿಸ್ಬೇಕು. ಡಿಸ್ಕ್ ನನಗೆ ವಾಪಸ್ ಕೊಡ್ಬೇಕು.”

“ನಿಮ್ಮ ಹೆಸರು ಬರಬಾರದು.”

“ಬರಬಾರದು.”

“ಇಲ್ಲ ಅಂದ್ರೆ?”

ಅವರು ಕತ್ತರಿಯನ್ನು ಸ್ವಲ್ಪ ಒತ್ತಿದರು. ಪ್ಲಾಸ್ಟಿಕ್ ಒಳಕ್ಕೆ ಬಾಗಿತು.

ಕೈಯಲ್ಲಿದ್ದ ಫೋನಿನಿಂದ ಶಕುಂತಲಮ್ಮನ ದನಿ ಸಣ್ಣದಾಗಿ ಬಂತು. ಕಾಲ್ ಇನ್ನೂ ಕಟ್ಟಾಗಿರಲಿಲ್ಲ.

“ಎಲ್ಲಾ ಕೇಳಿಸ್ತು ಕಣಮ್ಮ. ಆ ಹುಡುಗಿ ಮುಖ ನನ್ನ ಎದುರಿಗೇ ಇದೆ. ನನ್ನ ಕೈ ಮೌಸ್ ಮೇಲಿದೆ.” ಮಾತು ತಡವರಿಸಿತು. “ನೀನೇ ಹೇಳು. ಏನು ಮಾಡ್ಲಿ?”

ಜ್ಯೋತಿಲಕ್ಷ್ಮಿ ಬಾಯಿ ತೆರೆದಳು.

ಮುಂಬಾಗಿಲ ಚಿಲಕ ಸರಿದ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು. ಹಜಾರ ದಾಟಿದ ಹೆಜ್ಜೆಗಳು ನಡುಮನೆಯ ಪಕ್ಕದ ಕೋಣೆಯ ಬಳಿ ನಿಂತವು.

“ಅಪ್ಪಾ?” ಶ್ರೀವಿದ್ಯಾಳ ದನಿ. “ನನ್ನ ಕಪಾಟು ಯಾರು ಒಡೆದಿದ್ದು?”

ದೊರೆಸ್ವಾಮಿ ಜ್ಯೋತಿಲಕ್ಷ್ಮಿಯ ಮೇಲಿಟ್ಟ ಕಣ್ಣು ಕೀಳದೆ, ಕತ್ತರಿಯ ಬಾಯಿ ಮುಚ್ಚತೊಡಗಿದರು.